ಹಾವಿನ ಹಲ್ಲು ಎಣಿಸುವವರಿಗೆ: ಎಡಕ್ಕೊಂದು ಅಂಕಣ, ಬಲಕ್ಕೊಂದು ಅಂಕಣ

ಸರೀಸೃಪಗಳ ಸ್ಪೆಸಿಮನ್ ಸಂಗ್ರಹವೊಂದರಲ್ಲಿ ನನ್ನ ಕೆಲಸ. ಸ್ಪಿರಿಟ್ ತುಂಬಿದ ಜಾಡಿಗಳಲ್ಲಿರುವ ಹಾವುಗಳ ಉದ್ದ ಅಳೆಯುವುದು, ಹುರುಪೆ ಎಣಿಸುವುದು, ದವಡೆಯ ಎಕ್ಸ್‌ರೇ ಬಂದರೆ ಹಲ್ಲು ಎಣಿಸಿ ರಿಜಿಸ್ಟರಿಗೆ ಏರಿಸುವುದು. ಹೊಸದಾಗಿ ಸೇರಿದವರು ಒಂದು ಪ್ರಶ್ನೆಯನ್ನು ಕೇಳೇ ಕೇಳುತ್ತಾರೆ: "ಸರ್, ಒಂದು ಕಡೆ ಎಣಿಸಿದ್ರೆ ಸಾಕಲ್ವಾ? ಇನ್ನೊಂದು ಕಡೆನೂ ಅಷ್ಟೇ ಇರತ್ತಲ್ಲ?"

ಬಹುತೇಕ ಹಾವುಗಳ ಮಟ್ಟಿಗೆ ಅವರು ಹೇಳುವುದು ಹೆಚ್ಚುಕಡಿಮೆ ಸರಿಯೇ. ಆದರೂ ನಾನು ಒಪ್ಪುವುದಿಲ್ಲ. ಕಾರಣ, ಪರೇಯಾಸ್ ಎಂಬ ಕುಲದ ಹಾವುಗಳು.

ತೆಳ್ಳಗಿನ ಮೈ, ಮೊಂಡು ಮೂತಿ, ದೊಡ್ಡ ಕಣ್ಣು. ರಾತ್ರಿ ಹೊತ್ತು ಪೊದೆ, ಮರಗಳ ಮೇಲೆ ನಿಧಾನವಾಗಿ ಹರಿದಾಡುತ್ತವೆ. ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ಬಂಧುಗಳೇ ಇವುಗಳ ಊಟ. ಮನುಷ್ಯರಿಗೆ ಇವುಗಳಿಂದ ಅಪಾಯವಿಲ್ಲ. ಈಶಾನ್ಯ ಭಾರತದಿಂದ ಹಿಡಿದು ಆಗ್ನೇಯ ಏಷ್ಯಾ, ದಕ್ಷಿಣ ಚೀನಾ, ತೈವಾನ್, ಜಪಾನಿನ ದಕ್ಷಿಣದ ದ್ವೀಪಗಳವರೆಗೂ ಇವೆ. ನಮ್ಮ ನಾಗಾ ಬೆಟ್ಟಗಳ ಪರೇಯಾಸ್ ಮಾಂಟಿಕೋಲಾ 1839ರಲ್ಲೇ ವಿಜ್ಞಾನಕ್ಕೆ ಪರಿಚಯವಾಯಿತು. ಅರುಣಾಚಲದ ಪರೇಯಾಸ್ ಕಡೂರಿಗೆ ಹೆಸರು ಸಿಕ್ಕಿದ್ದು 2020ರಲ್ಲಿ.

ಈ ಹಾವು ಚಿಪ್ಪನ್ನು ಒಡೆಯುವುದೂ ಇಲ್ಲ, ನುಂಗುವುದೂ ಇಲ್ಲ. ಮೇಲ್ದವಡೆಯನ್ನು ಚಿಪ್ಪಿಗೆ ಒತ್ತಿ ಹಿಡಿದು, ಕೆಳದವಡೆಯನ್ನು ಚಿಪ್ಪಿನ ಬಾಯೊಳಗೆ ತೂರಿಸುತ್ತದೆ. ಆಮೇಲೆ ಕೆಳದವಡೆಯ ಎಡ ಮತ್ತು ಬಲ ಭಾಗಗಳು ಒಂದಾದ ಮೇಲೊಂದು ಹಿಂದಕ್ಕೆ ಸರಿಯುತ್ತವೆ. ಬಾವಿಯಿಂದ ಹಗ್ಗ ಸೇದುವಾಗ ಕೈ ಮುಂದೆ ಕೈ ಬರುವ ಹಾಗೆ. ಹುಳುವಿನ ಮೆತ್ತನೆಯ ಮೈ ಪೂರ್ತಿ ಹೊರಬಂದು, ಖಾಲಿ ಚಿಪ್ಪು ಕೆಳಗೆ ಬೀಳುತ್ತದೆ.

ಜಗತ್ತಿನ ಬಹುಪಾಲು ಬಸವನಹುಳುಗಳ ಚಿಪ್ಪು ಬಲಸುರುಳಿ, ಅಂದರೆ ತುದಿಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುವಂಥದ್ದು. ಆ ಸುರುಳಿಯೊಳಗೆ ಕೆಳದವಡೆಯ ಎಡ, ಬಲ ಭಾಗಗಳಿಗೆ ಒಂದೇ ಕೆಲಸವಿಲ್ಲ. ಜಪಾನಿನ ಇಶಿಗಾಕಿ ಮತ್ತು ಇರಿಯೊಮೋಟೆ ದ್ವೀಪಗಳ ಪರೇಯಾಸ್ ಇವಾಸಾಕಿಯ ಕೆಳದವಡೆಯಲ್ಲಿ ಎಡಗಡೆ ಸರಾಸರಿ 18ರ ಆಸುಪಾಸು ಹಲ್ಲು, ಬಲಗಡೆ 25ರ ಆಸುಪಾಸು. ಮಸಾಕಿ ಹೊಸೊ ಮತ್ತು ಸಂಗಡಿಗರು ಇದನ್ನು 2007ರಲ್ಲಿ ಪ್ರಕಟಿಸಿದರು. ಕುಲದ ಇತರ ಹಲವು ಪ್ರಭೇದಗಳಲ್ಲೂ ಬಲಗಡೆಯೇ ಹೆಚ್ಚು. ಚಿಪ್ಪಿಲ್ಲದ ಹುಳುಗಳನ್ನು ತಿನ್ನುವ ಒಂದು ಹತ್ತಿರದ ಬಂಧುವಿನಲ್ಲಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮ. ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯವೆನಿಸುವುದು ಈ ಸಾಲೇ. ಸುರುಳಿ ಇಲ್ಲದ ಕಡೆ ವ್ಯತ್ಯಾಸವೂ ಇಲ್ಲ!

ಕಥೆ ಹಾವಿನ ಬಾಯಲ್ಲೇ ಮುಗಿಯುವುದಿಲ್ಲ. ಎಡಸುರುಳಿಯ ಹುಳು ಸಿಕ್ಕರೆ ಇದೇ ಹಾವಿನ ಹಿಡಿತ ತಪ್ಪುತ್ತದೆ. ಸಾಮಾನ್ಯವಾಗಿ ಎಡಸುರುಳಿ ಹುಳುವಿನ ಪಾಡು ಕಷ್ಟದ್ದು. ಬಲಸುರುಳಿಯ ಹುಳುವಿನ ಜೊತೆ ಕೂಡಲು ಅಂಗಾಂಗಗಳು ಎದುರುಬದುರಾಗಿ ಹೊಂದುವುದಿಲ್ಲ. ಆದರೆ ಈ ಹಾವುಗಳಿರುವ ನಾಡಿನಲ್ಲಿ ಎಡಸುರುಳಿಯೇ ಜೀವ ಉಳಿಸುವುದರಿಂದ, ಸತ್ಸುಮಾ ಕುಲದ ಎಡಸುರುಳಿ ಹುಳುಗಳು ಅಲ್ಲಿ ನೆಲೆ ಕಂಡುಕೊಂಡಿವೆ. ಇದು 2010ರ ಸಂಶೋಧನೆ. ಈಗ ಯೋಚಿಸಿ: ನಮೂನೆಯಲ್ಲಿ "ಹಲ್ಲುಗಳ ಸಂಖ್ಯೆ" ಎಂದು ಒಂದೇ ಖಾನೆ ಇದ್ದಿದ್ದರೆ ಇದರಲ್ಲಿ ಏನು ಕಾಣುತ್ತಿತ್ತು? ಒಬ್ಬರು 18 ಬರೆಯುತ್ತಿದ್ದರು, ಇನ್ನೊಬ್ಬರು 25. ನೋಡಿದವರು ಬೇರೆ ಬೇರೆ ಪ್ರಭೇದ ಎಂದುಕೊಳ್ಳಬಹುದಿತ್ತು.

ಬಾಯಿ ನೋಡಿ ನೆಂಟಸ್ತಿಕೆ ಹೇಳುವಾಗಲೂ ಎಚ್ಚರ ಬೇಕು. ಹೆಚ್ಚಿನ ಹಾವುಗಳ ಗಲ್ಲದ ಕೆಳಗೆ ಉದ್ದಕ್ಕೆ ಒಂದು ಗೀರು ಇರುತ್ತದೆ. ದೊಡ್ಡ ಬೇಟೆ ನುಂಗುವಾಗ ಚರ್ಮ ಹಿಗ್ಗುವುದು ಅಲ್ಲಿ. ಪರೇಯಾಸ್‌ಗೆ ಆ ಗೀರಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಡಿಪ್ಸಾಸ್ ಕುಲಕ್ಕೂ ಇಲ್ಲ, ಅದೂ ಮರವೇರಿ ಬಸವನಹುಳು ತಿನ್ನುವ ಹಾವೇ. 1896ರಲ್ಲಿ ಸರೀಸೃಪ ತಜ್ಞ ಬೌಲೆಂಜರ್ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಇಂದು ಡಿಎನ್‌ಎ ಹೇಳುವುದೇ ಬೇರೆ: ಪರೇಯಾಸ್ ಏಷ್ಯಾದ ಪರೇಯಿಡೇ ಕುಟುಂಬದ್ದು, ಡಿಪ್ಸಾಸ್ ಬಲು ದೂರದ ಇನ್ನೊಂದು ಕವಲಿನದ್ದು. ಒಂದೇ ಬಗೆಯ ಊಟ ಎರಡು ಖಂಡಗಳಲ್ಲಿ ಒಂದೇ ಬಗೆಯ ಬಾಯಿಯನ್ನು ರೂಪಿಸಿದೆ. ಪರೇಯಾಸ್‌ನ ನಿಜವಾದ ನೆಂಟರು ನಮ್ಮ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲೇ ಇದ್ದಾರೆ. ಮಣ್ಣೊಳಗೆ ಬದುಕಿ ಎರೆಹುಳು ತಿನ್ನುವ ಕ್ಸೈಲೋಫಿಸ್ ಎಂಬ ಪುಟ್ಟ ಹಾವುಗಳು ಇದೇ ಕುಟುಂಬದವು ಎಂದು 2018ರಲ್ಲಿ ತಿಳಿಯಿತು. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲವೆನಿಸುತ್ತದೆ.

ಹಳೆಯ ರಿಜಿಸ್ಟರುಗಳಲ್ಲಿ ಕೆಲವೊಮ್ಮೆ ಒಂದೇ ಅಂಕಿ ಇರುತ್ತದೆ, ಯಾವ ಬದಿಯದ್ದು ಎಂಬ ಗುರುತಿಲ್ಲದೆ. ಅಂಥದ್ದನ್ನು ಊಹೆಯಿಂದ ಎರಡೂ ಖಾನೆಗೆ ತುಂಬಬೇಡಿ. "ಬದಿ ತಿಳಿಯದು" ಎಂದು ಬರೆದು, ಜಾಡಿ ಸಿಕ್ಕರೆ ಹಾವನ್ನು ತೆಗೆದು ಮತ್ತೆ ಎಣಿಸಿ, ಎಣಿಸಿದವರ ಹೆಸರು ಮತ್ತು ತಾರೀಕು ಪಕ್ಕದಲ್ಲೇ ಹಾಕಿ.