ಕ್ಯಾಟೆಕಿಸಂ ಮೇಷ್ಟ್ರು ಪ್ರಾರ್ಥನೆ ಕಲಿಸಿದ ಬಗೆ

ಚಿತ್ರದುರ್ಗದ ನಮ್ಮ ಶಾಲೆಯಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಕ್ರೈಸ್ತ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಧರ್ಮಪಾಠ; ಉಳಿದವರಿಗೆ ನೀತಿಪಾಠ. ಆ ಕ್ಯಾಟೆಕಿಸಂ ತೆಗೆದುಕೊಳ್ಳುತ್ತಿದ್ದ ಮೇಷ್ಟ್ರು ಕಳೆದ ವರ್ಷ ತೀರಿಕೊಂಡರು. ಅವರೇ ಕಲಿಸಿದ ಬೀಜಗಣಿತ ಹೆಚ್ಚುಕಡಿಮೆ ಮರೆತೇ ಹೋಗಿದೆ. ಕೇಳಿದ್ದು ಕೂಡಲೇ ಸಿಗದಿದ್ದಾಗ ಪ್ರಾರ್ಥನೆ ಬಿಡಬಾರದು ಎಂಬುದನ್ನು ಮಕ್ಕಳ ಮನಸ್ಸಿಗೆ ಅವರು ದಾಟಿಸಿದ ಕ್ರಮ ಮಾತ್ರ ಹಾಗೆಯೇ ಉಳಿದಿದೆ.

ಚಿಕ್ಕವರಿಗೆ ಅವರು ಬೈಬಲಿನ ಪ್ರವಾದಿ ಎಲೀಯನಿಂದ ಶುರು ಮಾಡುತ್ತಿದ್ದರು. ಅರಸುಗಳು ಮೊದಲನೆಯ ಗ್ರಂಥದ 18ನೇ ಅಧ್ಯಾಯ: ಬರಗಾಲ, ಕರ್ಮೆಲ್ ಬೆಟ್ಟ, ಮೊಣಕಾಲುಗಳ ನಡುವೆ ಮುಖವಿಟ್ಟು ಕುಳಿತ ಪ್ರವಾದಿ, ಸಮುದ್ರದ ಕಡೆ ನೋಡಿ ಬಾ ಎಂದು ಏಳು ಸಲ ಕಳಿಸಿಕೊಂಡ ಆಳು, ಕೊನೆಯ ಸಲ ಅವನಿಗೆ ಕಂಡ ಸಣ್ಣ ಮೋಡ. ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಮಕ್ಕಳು ನಾವು; ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೋಡಕ್ಕೆ ಕಾಯುವುದೆಂದರೇನು ಎಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಒಬ್ಬ ಹುಡುಗನನ್ನು ಎಬ್ಬಿಸಿ ಕಿಟಕಿಗೆ ಕಳಿಸುವರು. ಅವನು ಬಂದು “ಏನೂ ಇಲ್ಲ ಸಾರ್” ಅನ್ನಬೇಕು. “ಮತ್ತೆ ಹೋಗಪ್ಪಾ.” ಏಳೂ ಸಲ ಪೂರ್ತಿ. ಈ ಪಾಠ ಮಾಡುವವರು ಸಮಯವಿಲ್ಲವೆಂದು ಮೂರಕ್ಕೇ ನಿಲ್ಲಿಸಿಬಿಡುತ್ತಾರೆ, ಅಲ್ಲಿಗೆ ಪಾಠ ಕೆಟ್ಟಿತು. ಮೂರನೆಯ ಸಲದವರೆಗೆ ಮಕ್ಕಳಿಗೆ ಅದು ಆಟ. ಬೇಸರ ಹತ್ತುವುದು ನಾಲ್ಕು, ಐದರಲ್ಲಿ. ಕಲಿಯಬೇಕಾದದ್ದು ಆ ಬೇಸರದಲ್ಲೇ ಇದೆ. ಒಮ್ಮೆ ಐದನೆಯ ಸಲಕ್ಕೆ ಹೋದ ಹುಡುಗ ಕಿಟಕಿ ಬಿಟ್ಟು ಹಿತ್ತಲಿನ ಹುಣಸೆ ಮರಕ್ಕೆ ಓಡಿದ. ವಾಪಸ್ಸು ಬಂದು ಬಾಯಿ ತುಂಬ ಹುಣಸೆಕಾಯಿ ಇಟ್ಟುಕೊಂಡೇ “ಏನೂ ಇಲ್ಲ ಸಾರ್” ಅಂದ. ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು ಗದರಲಿಲ್ಲ. “ನೋಡದೇ ಇಲ್ಲ ಅಂದ್ರೆ ಹೆಂಗಪ್ಪಾ? ಒಂದರಿಂದ ಶುರು ಮಾಡು” ಅಂದರು. ಅವತ್ತು ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆರನೇ ತರಗತಿಯವರಿಗೆ ಲೂಕನ ಸುವಾರ್ತೆಯ 18ನೇ ಅಧ್ಯಾಯದ ವಿಧವೆ, ಯೇಸು ಹೇಳಿದ ಕಥೆ. ದೇವರಿಗೆ ಹೆದರದ, ಜನರನ್ನು ಲೆಕ್ಕಕ್ಕಿಡದ ನ್ಯಾಯಾಧಿಪತಿ ಅವಳ ಕಾಟ ತಾಳಲಾರದೆ ನ್ಯಾಯ ಕೊಡಿಸುತ್ತಾನೆ. ಇಲ್ಲಿ ಎಚ್ಚರ ತಪ್ಪಿದರೆ ಮಕ್ಕಳು ಎರಡು ತಪ್ಪು ಕಲಿಯುತ್ತಾರೆ. ದೇವರು ಸಿಡುಕ, ಹಟ ಹಿಡಿದರೆ ಮಣಿಯುತ್ತಾನೆ ಎಂಬುದು ಒಂದು. ಹೆಚ್ಚು ಸಲ ಹೇಳಿದಷ್ಟೂ ಹೆಚ್ಚು ಫಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವರು ಬೋರ್ಡಿನ ಮೇಲೆ ಗೆರೆ ಎಳೆದು ಒಂದು ಕಡೆ ‘ನ್ಯಾಯಾಧಿಪತಿ’, ಇನ್ನೊಂದು ಕಡೆ ‘ತಂದೆ’ ಎಂದು ಬರೆಯುವರು. ಇವನಿಗೆ ಅವಳ ಪರಿಚಯವಿಲ್ಲ, ತಂದೆಗೆ ನಮ್ಮ ಹೆಸರು ಗೊತ್ತು. ಹೀಗೆ ಮಕ್ಕಳೇ ತುಂಬಬೇಕು. ತುಂಬಿದ ಮೇಲೆ ಒಂದೇ ಪ್ರಶ್ನೆ: “ಅಂಥವನೇ ಕೇಳಿದ ಮೇಲೆ, ತಂದೆ ಕೇಳದೆ ಇರ್ತಾನೇನ್ರೋ?” ಎರಡನೆಯದಕ್ಕೆ ಮತ್ತಾಯ 6ರ ಮಾತು, ಸುಮ್ಮನೆ ಬಡಬಡಿಸಬೇಡಿ ಎಂಬುದು. ಸ್ವಂತ ಮಾತಿನಲ್ಲಿ ಒಂದು ವಾಕ್ಯ, ಆಮೇಲೆ ಒಂದು ನಿಮಿಷ ಮೌನ. ಚಿಕ್ಕವರಿಗೆ ಅರ್ಧ ನಿಮಿಷ ಸಾಕು, ಮೀರಿದರೆ ಪಿಸುಪಿಸು ಶುರುವಾಗುತ್ತದೆ.

ಪ್ರತಿಯೊಬ್ಬರ ಹತ್ತಿರವೂ ಒಂದು ಪ್ರಾರ್ಥನೆಯ ನೋಟ್‌ಬುಕ್ಕು. ತಾರೀಖು, ಯಾರಿಗಾಗಿ, ಏನು ಎಂದು ಮೂರು ಕಾಲಂ, ನಾಲ್ಕನೆಯದು ಖಾಲಿ. ವಾರಕ್ಕೆ ಒಂದೇ ಹೊಸ ಬೇಡಿಕೆ, ಹಳೆಯದನ್ನು ಹೊಡೆದುಹಾಕುವಂತಿಲ್ಲ. ಯೇಸು ಹೇಳಿದ ಇನ್ನೊಂದು ಕಥೆಯಲ್ಲಿ ಮಧ್ಯರಾತ್ರಿ ಮೂರು ರೊಟ್ಟಿ ಕೇಳಲು ಹೋದವನು ತನಗಲ್ಲ, ಮನೆಗೆ ಬಂದವನಿಗಾಗಿ ಕೇಳಿದ. ಆದ್ದರಿಂದ ಬೇಡಿಕೆಗಳಲ್ಲಿ ಅರ್ಧವಾದರೂ ಬೇರೆಯವರಿಗಾಗಿ ಇರಬೇಕೆಂಬುದು ಅವರ ನಿಯಮ.

ಸಹಪಾಠಿಯೊಬ್ಬಳು ವಾರಗಟ್ಟಲೆ ಅಜ್ಜಿಗಾಗಿ ಬರೆದಳು. ಅಜ್ಜಿ ಹೋಗಿಬಿಟ್ಟರು. ನಿನ್ನ ವಿಶ್ವಾಸ ಸಾಲದಾಯಿತು ಎಂಬ ಮಾತನ್ನು ಮಗುವಿಗೆ ಯಾರೂ ಯಾವತ್ತೂ ಹೇಳಬಾರದು. ಅದರಿಂದಾಗುವ ಗಾಯ ಮಾಯುವುದಿಲ್ಲ. ಮೇಷ್ಟ್ರು ಆ ಶನಿವಾರ ಗೆತ್ಸೆಮನೆ, ಅಂದರೆ ಸೆರೆಸಿಕ್ಕುವ ಮುಂಚೆ ಯೇಸು ಪ್ರಾರ್ಥಿಸಿದ ಭಾಗ, ಓದಿದರು. ಯೇಸು ಮೂರು ಸಲ ಅದೇ ಮಾತು ಪ್ರಾರ್ಥಿಸಿದರು, ಸಂಕಟದ ಪಾತ್ರೆ ತೊಲಗಲಿಲ್ಲ. ಸಂತ ಪೌಲನೂ ತನ್ನ ದೇಹದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಓದಿ ಮುಗಿಸಿದವರು ವ್ಯಾಖ್ಯಾನ ಮಾಡಲಿಲ್ಲ, ಆ ಹುಡುಗಿಯ ಪಕ್ಕದ ಬೆಂಚಿನಲ್ಲಿ ಕುಳಿತರು.

ಆಗಸ್ಟ್ ಕೊನೆ ಅವರಿಗೆ ಸುಗ್ಗಿ. 27 ಸಂತ ಮೋನಿಕಾಳ ಹಬ್ಬ, 28 ಅವಳ ಮಗ ಸಂತ ಆಗಸ್ಟಿನನ ಹಬ್ಬ. ದಾರಿ ತಪ್ಪಿದ ಮಗನಿಗಾಗಿ ವರ್ಷಾನುಗಟ್ಟಲೆ ಅತ್ತು ಬೇಡಿದ ತಾಯಿ. 387ರಲ್ಲಿ ಮಿಲಾನಿನಲ್ಲಿ ಅವನ ದೀಕ್ಷಾಸ್ನಾನ ನೋಡಿ ಅದೇ ವರ್ಷ ಕಣ್ಣು ಮುಚ್ಚಿದಳು. 30ರಿಂದ ಹರಿಹರದ ಆರೋಗ್ಯ ಮಾತೆಯ ಹಬ್ಬದ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ; ಸೆಪ್ಟೆಂಬರ್ 8ಕ್ಕೆ ಹಬ್ಬ. ಒಂಬತ್ತು ದಿನ ತುಂಬಿದರೆ ಹತ್ತನೆಯ ದಿನ ಸಿಗಲೇಬೇಕು ಎಂದು ಲೆಕ್ಕ ಹಾಕುತ್ತಿದ್ದ ಮಕ್ಕಳಿಗೆ ಅವರು ಹೇಳುತ್ತಿದ್ದದ್ದು: ಯೇಸುವಿನ ಸ್ವರ್ಗಾರೋಹಣದ ನಂತರ ಅವರ ತಾಯಿ ಮರಿಯಮ್ಮನವರ ಜೊತೆ ಜೆರುಸಲೇಮಿನಲ್ಲಿ ಪವಿತ್ರಾತ್ಮನಿಗಾಗಿ ಪ್ರಾರ್ಥಿಸುತ್ತಾ ಕುಳಿತ ಶಿಷ್ಯರಿಗೆ ಅದು ಎಷ್ಟು ದಿನ ಎಂಬುದು ಗೊತ್ತಿರಲಿಲ್ಲ.

ಈಗಿನ ತರಗತಿಗಳಲ್ಲಿ ಬೈಬಲ್ ಕ್ವಿಜ್ ಇದೆ, ಬಹುಮಾನ ಇದೆ, ಹತ್ತು ಸೆಕೆಂಡಿನಲ್ಲಿ ಎಲೀಯನ ಮೋಡ ತೋರಿಸುವ ವಿಡಿಯೊ ಇದೆ. ಮಕ್ಕಳು ಚುರುಕಾಗಿದ್ದಾರೆ, ಸಂತೋಷ. ಆದರೆ ಏಳು ಸಲ ಕಿಟಕಿಗೆ ನಡೆಸುವ ವ್ಯವಧಾನ ಕಲಿಸುವವರಿಗಿಲ್ಲ. ನಮ್ಮ ಬ್ಯಾಚಿನ ಕೆಲವರು ಕ್ಯಾಟೆಕಿಸಂ ಕಲಿಸುತ್ತಿದ್ದೇವೆ, ಮೇಷ್ಟ್ರ ಕ್ರಮವನ್ನು ಕೈಬಿಟ್ಟಿಲ್ಲವೆಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ಮಕ್ಕಳಿಗೆ ನೋಟ್‌ಬುಕ್ ಮಾಡಿಸಿ ಕೊಡುವ ಮಾತು ನಡೆದಿದೆ. ಅಚ್ಚು ಹಾಕಿಸುವವರಲ್ಲಿ ಒಂದು ವಿನಂತಿ: ನಾಲ್ಕನೆಯ ಕಾಲಂಗೆ ‘ಉತ್ತರ’ ಎಂದು ತಲೆಬರಹ ಕೊಡಬೇಡಿ. ಕೊಟ್ಟರೆ ಮಕ್ಕಳು ಅದನ್ನು ಮುಂದಿನ ವಾರವೇ ತುಂಬಿಬಿಡುತ್ತಾರೆ.