ಹೆಸರಘಟ್ಟದ ಏರಿಯಿಂದ ತಿಪ್ಪಗೊಂಡನಹಳ್ಳಿಯ ಕಟ್ಟೆಗೆ

ಬೆಳಗ್ಗೆ ಹೆಸರಘಟ್ಟದ ಏರಿ ಹತ್ತಿಳಿದು, ಮಧ್ಯಾಹ್ನದ ಹೊತ್ತಿಗೆ ತಿಪ್ಪಗೊಂಡನಹಳ್ಳಿ ಮುಟ್ಟಿದರೆ, ಕಾವೇರಿ ಬರುವ ಮುಂಚಿನ ಬೆಂಗಳೂರಿನ ನಲ್ಲಿನೀರಿನ ಚರಿತ್ರೆ ಒಂದೇ ದಿನದಲ್ಲಿ ನೋಡಲು ಸಿಗುತ್ತದೆ. ಎರಡೂ ಅರ್ಕಾವತಿ ನದಿಗೇ ಅಡ್ಡ ಕಟ್ಟಿದವು.

ಹೆಸರಘಟ್ಟದ ನೀರು ಬರುವವರೆಗೆ ಊರಿಗೆ ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಕೆರೆಗಳೂ ಬಾವಿಗಳೂ ಆಧಾರ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆಯಿಂದ 1896ರಲ್ಲಿ ಹೆಸರಘಟ್ಟದ ನೀರು ಬಂತು. ನಿಂತು ನೋಡಬೇಕಾದ್ದು ಇಟ್ಟಿಗೆ ಕಾಲುವೆ. ಸೋಲದೇವನಹಳ್ಳಿ ಕಡೆಗೆ ನೀರು ತಾನಾಗಿ ಹರಿಯುತ್ತಿತ್ತು; ಅಲ್ಲಿಂದ ಉಗಿಯಂತ್ರದ ಪಂಪು ಅದನ್ನು ಊರಿಗೆ ಎತ್ತುತ್ತಿತ್ತು. ಇಂಥ ಕಾಲುವೆಯ ಇಳಿಜಾರು ಜಾಸ್ತಿಯಾದರೆ ಗಾರೆ ಸವೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ನೆಲ ತಗ್ಗಿದಲ್ಲಿ ಕಮಾನು ಕಟ್ಟಿ ಮಟ್ಟ ಕಾಯಬೇಕು. ಇದರ ದೊಡ್ಡ ಶತ್ರು ಸಂದಿಯಲ್ಲಿ ಹುಟ್ಟುವ ಅರಳಿ ಸಸಿ: ಬೆರಳುದ್ದ ಇದ್ದಾಗ ಕೀಳದಿದ್ದರೆ ಬೇರು ಇಟ್ಟಿಗೆಯನ್ನೇ ಎಬ್ಬಿಸುತ್ತದೆ.

ಮಣ್ಣಿನ ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಗಾಬರಿ ಬೇಡ, ಕಣ್ಣಿಟ್ಟಿದ್ದರಾಯಿತು. ಕೆಂಪಗೆ, ಕದಡಿ ಬಂದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಹುತ್ತ, ಇಲಿಬಿಲ, ಸತ್ತ ಬೇರಿನ ತೂತು ಹುಡುಕಲೇಬೇಕು.

1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಒಣಗಿತು. ವಿಶ್ವೇಶ್ವರಯ್ಯನವರ ಸಮಿತಿ ಕುಮುದ್ವತಿ ನದಿ ಬಂದು ಅರ್ಕಾವತಿಗೆ ಕೂಡುವ ತಿಪ್ಪಗೊಂಡನಹಳ್ಳಿಯನ್ನು ಆರಿಸಿತು. 1933ರಲ್ಲಿ ಅಲ್ಲಿನ ಜಲಾಶಯ ಚಾಮರಾಜಸಾಗರ ಸಿದ್ಧವಾಯಿತು, ಸುಮಾರು 3 ಟಿಎಂಸಿ ಹಿಡಿಯುವಂಥದ್ದು. ಎರಡು ನದಿಯ ನೀರು ಸಿಕ್ಕಿತು ನಿಜ, ಆದರೆ ಜಾಗ ತಗ್ಗು. ಊರು ದಿಣ್ಣೆಯ ಮೇಲೆ; 100 ಮೀಟರಿಗೂ ಹೆಚ್ಚು ಎತ್ತಬೇಕಿತ್ತು. ಕರೆಂಟು ಹೋದರೆ ನಲ್ಲಿ ಬಂದ್.

1974ರಲ್ಲಿ ಕಾವೇರಿ ಮೊದಲ ಹಂತ ಬಂದಮೇಲೆ ಈ ಕಡೆ ಗಮನ ಕಮ್ಮಿಯಾಯಿತು ಎಂದೇ ನಮ್ಮ ಅನಿಸಿಕೆ. ಕಟ್ಟೆಗೇನೂ ಆಗಲಿಲ್ಲ, ಕೆಟ್ಟದ್ದು ಮೇಲಿನ ಜಲಾನಯನ, ಅಂದರೆ ಮಳೆನೀರು ಹರಿದು ಕಟ್ಟೆಗೆ ಸೇರುವ ಪ್ರದೇಶ. ಮಳೆ ನಿಂತಮೇಲೂ ಹಳ್ಳ ಹರಿಯುವುದು ನೆಲದೊಳಗಿಂದ ಒಸರುವ ನೀರಿನಿಂದ. ಬೋರ್‌ವೆಲ್‌ಗಳು ಅಂತರ್ಜಲವನ್ನು ಹಳ್ಳದ ತಳಕ್ಕಿಂತ ಕೆಳಗೆ ಇಳಿಸಿದ ಮೇಲೆ ಲೆಕ್ಕ ತಿರುಗುಮುರುಗಾಯಿತು: ಹಳ್ಳವೇ ನೆಲಕ್ಕೆ ನೀರು ಕೊಡತೊಡಗಿತು. ಅದರ ಮೇಲೆ ನೀಲಗಿರಿ ತೋಪು, ಮರಳು ತೆಗೆತ, ಲೇಔಟು. ಸಾಧಾರಣ ಮಳೆ ಕಟ್ಟೆಯವರೆಗೆ ಬರುವುದೇ ಇಲ್ಲ. ಜಡಿಮಳೆ ಬಂದರೆ ಹೂಳೂ ಚರಂಡಿ ನೀರೂ ಒಟ್ಟಿಗೆ ಬರುತ್ತವೆ. ಜಲಾನಯನ ಉಳಿಸಲು 2003ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. 2012ರಲ್ಲಿ ಇಲ್ಲಿಂದ ಊರಿಗೆ ನೀರು ನಿಂತಿತು, ಕಟ್ಟೆ ಗಟ್ಟಿಯಾಗಿಯೇ ಇತ್ತು.