"ನಿಮ್ಮ ದೇವರು ತನ್ನ ಚರ್ಚನ್ನೇ ಉಳಿಸಿಕೊಳ್ಳಲಿಲ್ಲವಲ್ಲ?"

ನಮ್ಮ ಹಿರಿಯರ ಊರು ಶೆಟ್ಟಿಹಳ್ಳಿ ಅಂದ ಕೂಡಲೇ ಜನರ ಮುಖ ಅರಳುತ್ತದೆ. "ಓ, ಆ ಮುಳುಗೋ ಚರ್ಚಾ?" ಅನ್ನುತ್ತಾರೆ. ಹಿಂದೆಯೇ ಬರುವ ಪ್ರಶ್ನೆ ನನಗೆ ಬಾಯಿಪಾಠ ಆಗಿದೆ. "ನಿಮ್ಮ ದೇವರು ತನ್ನ ಮನೆಯನ್ನೇ ಉಳಿಸಿಕೊಳ್ಳಲಿಲ್ಲ. ಇನ್ನು ಕಷ್ಟ ಬಂದಾಗ ನಿಮ್ಮನ್ನೇನು ಬಿಡಿಸ್ತಾನೆ?" ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಆಫೀಸಿನಲ್ಲಿ ಕೇಳಿದ್ದಾರೆ. ಮದುವೆ ಊಟಕ್ಕೆ ಕೂತಾಗ ಒಬ್ಬರು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಬಂತು ಅಂತ ಆ ಕಡೆ ತಿರುಗಿಬಿಟ್ಟರು. ಉತ್ತರ ಬೇಕಾಗಿರಲಿಲ್ಲ ಅವರಿಗೆ. ಬೇಕಾದವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಆ "ನಿಮ್ಮ ದೇವರು" ಅನ್ನುವ ಧಾಟಿ ಬಿಡಿ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ನನ್ನ ಗೆಳತಿಯರು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ನಂಬಿಕೆಯನ್ನು ನಾನು ಯಾವತ್ತೂ ಹೀಗೆ ಚುಚ್ಚಿ ಕೇಳಿಲ್ಲ.

ಇನ್ನು ಚರ್ಚಿನ ವಿಷಯ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಅದನ್ನು ಕಟ್ಟಿಸಿದರು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಮುಗಿಯಿತು. ಹಿನ್ನೀರು ಏರಿತು, ಜನ ಗಂಟುಮೂಟೆ ಕಟ್ಟಿದರು. ಆ ನೀರು ಇವತ್ತು ತುಮಕೂರಿನವರೆಗೂ ಹೋಗುತ್ತದೆ. ಅಣೆಕಟ್ಟು ಬೇಕು ಅಂತ ತೀರ್ಮಾನ ಮಾಡಿದ್ದು ಮನುಷ್ಯರು. ಇದರಲ್ಲಿ ದೇವರು ಸೋತದ್ದು ಎಲ್ಲಿ?

ಕಟ್ಟಡವನ್ನು ಉಳಿಸುತ್ತೇನೆ ಅಂತ ಅವನು ಮಾತು ಕೊಟ್ಟೂ ಇಲ್ಲ. ಪ್ರವಾದಿ ಯೆರೆಮೀಯ ಜೆರುಸಲೇಮಿನ ದೇವಾಲಯದ ಬಾಗಿಲಲ್ಲೇ ನಿಂತು ಇದನ್ನು ಕೂಗಿ ಹೇಳಿದ. "ಇದು ದೇವರ ಆಲಯ, ದೇವರ ಆಲಯ" ಅಂತ ಹೇಳಿಕೊಂಡು ಧೈರ್ಯವಾಗಿರಬೇಡಿ, ಮೊದಲು ಪರದೇಶಿಗಳನ್ನು, ಅನಾಥರನ್ನು, ವಿಧವೆಯರನ್ನು ಹಿಂಸಿಸುವುದು ನಿಲ್ಲಿಸಿ ಅಂದ. ಜನ ಕೇಳಲಿಲ್ಲ. ಬಾಬಿಲೋನಿನ ಸೈನ್ಯ ಬಂದು ದೇವಾಲಯವನ್ನು ಸುಟ್ಟುಹಾಕಿತು. ಅದೇ ಯೆರೆಮೀಯ ಬಾಬಿಲೋನಿಗೆ ಸೆರೆಹೋದವರಿಗೆ ಕಾಗದ ಬರೆದ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿನ ಒಳಿತಿಗೂ ಪ್ರಾರ್ಥಿಸಿ, 70 ವರ್ಷ ತುಂಬಿದ ಮೇಲೆ ದೇವರು ನಿಮ್ಮನ್ನು ವಾಪಸ್ ಕರೆತರುತ್ತಾನೆ ಅಂತ. ಹಾಗೇ ಆಯಿತು. ಗೋಡೆ ಹೋಯಿತು, ಜನ ಉಳಿದರು.

ನಮ್ಮ ಅಜ್ಜಿ ಹೊಸ ಜಾಗದಲ್ಲಿ ಮಾಡಿದ್ದೂ ಅಷ್ಟೇ. ಗೋಡೆಗೆ ಶಿಲುಬೆ ಹಾಕಿದರು, ಹಿತ್ತಿಲಲ್ಲಿ ನುಗ್ಗೆ ನೆಟ್ಟರು. ಸಂಜೆಯ ಜಪಸರ ಒಂದು ದಿನವೂ ತಪ್ಪಲಿಲ್ಲ.

ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡೋದು ನನಗೆ ಕಷ್ಟವಲ್ಲ. ಕಷ್ಟದ ಪ್ರಶ್ನೆ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಒಬ್ಬರನ್ನು ಬಿಡಿಸಿ, ಪಕ್ಕದಲ್ಲೇ ಇದ್ದ ಇನ್ನೊಬ್ಬರನ್ನು ಬಿಡಿಸದೆ ಹೋದರೆ, ಆಮೇಲೆ ಹೇಗೆ ನಂಬೋದು?

ಬೈಬಲ್ ಇದನ್ನು ಮುಚ್ಚಿಟ್ಟಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 12ನೇ ಅಧ್ಯಾಯ ಓದಿ. ರಾಜ ಹೆರೋದ ಯೇಸುವಿನ ಶಿಷ್ಯ, ಯೊವಾನ್ನನ ಅಣ್ಣ ಯಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ ಆ ಸಾವು. ಆಮೇಲೆ ಇನ್ನೊಬ್ಬ ಶಿಷ್ಯ ಪೇತ್ರನನ್ನು ಹಿಡಿಸುತ್ತಾನೆ. ಕಾವಲಿಗೆ 16 ಜನ ಸೈನಿಕರು, ಕೈಗೆ ಎರಡು ಸರಪಳಿ. ರಾತ್ರಿ ದೇವದೂತ ಬಂದು ಎಬ್ಬಿಸುತ್ತಾನೆ, ಸರಪಳಿ ಕಳಚಿ ಬೀಳುತ್ತದೆ, ಕಬ್ಬಿಣದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಪೇತ್ರ ಹೋಗಿ ತನಗಾಗಿ ಪ್ರಾರ್ಥನೆ ನಡೆಯುತ್ತಿದ್ದ ಮನೆಯ ಬಾಗಿಲು ತಟ್ಟುತ್ತಾನೆ. ಕೆಲಸದ ಹುಡುಗಿ ರೋದೆಗೆ ದನಿ ಗುರುತು ಸಿಗುತ್ತದೆ. ಖುಷಿಯಲ್ಲಿ ಬಾಗಿಲು ತೆಗೆಯೋದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು "ನಿನಗೆ ಹುಚ್ಚು" ಅನ್ನುತ್ತಾರೆ. ಬಿಡುಗಡೆಗೆಂದೇ ಪ್ರಾರ್ಥಿಸುತ್ತಿದ್ದ ಜನ ಅವರು! ಪಾಪ, ಪೇತ್ರ ಹೊರಗೆ ನಿಂತು ತಟ್ಟುತ್ತಲೇ ಇದ್ದಾನೆ. ಇಲ್ಲಿಗೆ ಬಂದಾಗಲೆಲ್ಲ ನಮ್ಮ ಮನೆಯ ಮಕ್ಕಳು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಯಕೋಬ?

2021ರಲ್ಲಿ ನಮ್ಮ ಮನೆಗೆ ಈ ಅಧ್ಯಾಯವೇ ಬಂತು. ಅಣ್ಣ, ಅತ್ತಿಗೆ ಇಬ್ಬರಿಗೂ ಕೊರೊನಾ. ಇಬ್ಬರಿಗಾಗಿಯೂ ಒಂದೇ ಪ್ರಾರ್ಥನೆ ಮಾಡಿದೆವು. ಅಣ್ಣ ಮನೆಗೆ ಬಂದ. ಅತ್ತಿಗೆ ಬರಲಿಲ್ಲ. "ದೇವರು ನಿನ್ನ ಕೈಬಿಡಲಿಲ್ಲ" ಅಂತ ಯಾರೋ ಅಂದಾಗ ಅಣ್ಣ ಎದ್ದು ಒಳಗೆ ಹೋದ. ಆ ಮಾತು ನನಗೂ ಇಷ್ಟವಾಗಲಿಲ್ಲ. ಹಾಗಾದರೆ ಅತ್ತಿಗೆಯನ್ನು ಕೈಬಿಟ್ಟ ಅಂತಲಾ?

ಇಲ್ಲ. ನಾನು ಹಿಡಿದುಕೊಂಡಿರುವುದು ಯಕೋಬನ ತಾಯಿಯನ್ನು. ಯೇಸು ಶಿಲುಬೆಯ ಮೇಲಿದ್ದಾಗ ದೂರದಿಂದ ನೋಡುತ್ತಿದ್ದ ಹೆಂಗಸರಲ್ಲಿ ಆಕೆಯೂ ಇದ್ದಳು ಅಂತ ಬೈಬಲಿನಲ್ಲಿ ಮತ್ತಾಯ ಬರೆದಿದ್ದಾನೆ. ಅವತ್ತು ಅಲ್ಲಿ ಯೇಸುವನ್ನು ಜನ ಹಂಗಿಸಿದ್ದೇನು ಗೊತ್ತಾ? "ದೇವರಲ್ಲಿ ನಂಬಿಕೆ ಇಟ್ಟಿದ್ದನಲ್ಲ, ಈಗ ಆ ದೇವರೇ ಬಿಡಿಸಲಿ." ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕೇಳೋದೂ ಇದನ್ನೇ ಅಲ್ವಾ? ಆ ಮಧ್ಯಾಹ್ನ ಯಾರೂ ಅವನನ್ನು ಕೆಳಗಿಳಿಸಲಿಲ್ಲ. ಬಿಡುಗಡೆ ಬಂದಿದ್ದು ಮೂರನೇ ದಿನ, ಸಮಾಧಿಯಿಂದ. ಯಕೋಬನ ಕತ್ತಿಗಿಂತ, ಅತ್ತಿಗೆಯ ಆಸ್ಪತ್ರೆ ಹಾಸಿಗೆಗಿಂತ ಆಚೆಗೂ ದೇವರ ಕೈ ಚಾಚುತ್ತದೆ ಅಂತ ನಾನು ನಂಬೋದು ಅದರಿಂದಲೇ. ಸಾವಿನ ಈಚೆಗೆ ಯಾಕೆ ಕೆಲವರನ್ನು ಮಾತ್ರ ಬಿಡಿಸುತ್ತಾನೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದೆ ಅನ್ನುವವರ ಮಾತು ನನಗೆ ಬೇಡ.

ಅಣ್ಣ ಈಗ ಚರ್ಚಿಗೆ ಬರುತ್ತಿಲ್ಲ. ಬಾ ಅಂತ ನಾನು ಒತ್ತಾಯ ಮಾಡಿಲ್ಲ. ಮೊನ್ನೆ ಅವನ ಮಗಳಿಗೆ ಜ್ವರ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಫೋನ್ ಮಾಡಿ, "ನೀನು ಪ್ರಾರ್ಥನೆ ಮಾಡ್ತಿದ್ದೀಯಾ?" ಅಂತ ಕೇಳಿದ. ಮಾಡ್ತಿದ್ದೀನಿ, ಬಿಡಿಸು ಅಂತಲೇ ಕೇಳ್ತಿದ್ದೀನಿ ಅಂದೆ.